ಬಾಗಿಲ ಸಂದಿನ ಗಾಳಿ

ನನ್ನ ಹೊಲಿಗೆ ಡಬ್ಬಿಯಲ್ಲಿ ಸೂಜಿ, ದಾರ, ಜೋಡಿ ಕಳೆದುಕೊಂಡ ಗುಂಡಿಗಳ ನಡುವೆ ಗೇಣುದ್ದದ ಒಂದು ಕಪ್ಪು ರಬ್ಬರ್ ತುಂಡು ಸುರುಳಿ ಸುತ್ತಿಕೊಂಡು ಮಲಗಿದೆ. ಗುಂಡಿ ಹುಡುಕಲು ಕೈ ಹಾಕಿದಾಗಲೆಲ್ಲ ಅದೇ ಮೊದಲು ಸಿಗುತ್ತದೆ. ಮೊದಮೊದಲು ಬೆಚ್ಚಿಬೀಳುತ್ತಿದ್ದೆ, ರಾಯಚೂರಿನ ಬೇಸಿಗೆಯಲ್ಲಿ ಯಾವ ಡಬ್ಬಿಯ ತಂಪಿನಲ್ಲಿ ಯಾವ ಜೀವ ಬಂದು ಮಲಗಿರುತ್ತದೋ ಹೇಳಲಾಗದು. ಈಗ ಅದರ ಜೊತೆ ಗೆಳೆತನವಾಗಿದೆ. ಮಧ್ಯಾಹ್ನದ ಊಟವಾದ ಮೇಲೆ ಅಂಗಿಗೆ ಗುಂಡಿ ಹಚ್ಚಲೆಂದು ಡಬ್ಬಿ ತೆರೆದವಳು ಆ ರಬ್ಬರನ್ನು ಹೆಬ್ಬೆರಳಿನಿಂದ ಒತ್ತುತ್ತ, ಬಿಡುತ್ತ, ಮತ್ತೆ ಒತ್ತುತ್ತ ಕೂತುಬಿಡುತ್ತೇನೆ. ಅಂಗಿ ಗುಂಡಿಯಿಲ್ಲದೆ ಹಾಗೇ ಉಳಿಯುತ್ತದೆ.

ಅದು ನಮ್ಮ ಗಾಡಿಯ ಬಾಗಿಲಿಗೆ ಹಚ್ಚಿ ಉಳಿದ ತುಂಡು. ಗಾಡಿ ಎಂದರೆ ಒಂದು ಹಳೆಯ ವ್ಯಾನು. ಹೊಟ್ಟೆಯೊಳಗೆ ಒಂದು ಮಂಚ, ಒಂದು ಪುಟ್ಟ ಒಲೆ, ನೀರಿನ ಡಬ್ಬ, ಮಡಚಿ ಗೋಡೆಗೆ ಸಿಕ್ಕಿಸುವ ಒಂದು ಹಲಗೆ ಇವನ್ನಿಟ್ಟುಕೊಂಡು ಅದು ಗಾಡಿಯೂ ಹೌದು, ಮನೆಯೂ ಹೌದು. ಹೊಸಪೇಟೆ ಕಡೆ ಯಾರೋ ಪ್ರವಾಸಿಗರಿಗಾಗಿ ಮಾಡಿಸಿ, ಸಾಕಾಗಿ ಮಾರಿದ್ದು. ನಮ್ಮ ಓಣಿಯವರು ಅದಕ್ಕೆ ‘ಮನಿಗಾಡಿ’ ಎಂದು ಹೆಸರಿಟ್ಟರು. ಇಂಥ ಗಾಡಿ ಇದ್ದವರು ಹಿಮಾಲಯಕ್ಕೆ ಹೋಗುತ್ತಾರಂತೆ, ಸಮುದ್ರದ ದಂಡೆಯಲ್ಲಿ ಸೂರ್ಯ ಮುಳುಗುವುದನ್ನು ನೋಡುತ್ತ ಚಹಾ ಕುಡಿಯುತ್ತಾರಂತೆ. ನಾವು ಮಾನ್ವಿಗೆ ಹೋಗುತ್ತೇವೆ. ಮಾನ್ವಿ ಬೇಸರವಾದರೆ ಪೋತ್ನಾಳದವರೆಗೆ. ಕಾಲುವೆಯ ದಂಡೆಯಲ್ಲಿ ಬೇವಿನ ಮರದ ಕೆಳಗೆ ನಿಲ್ಲಿಸಿ, ಹಿಂದಿನ ಬಾಗಿಲು ತೆರೆದು, ಮಂಚದ ಮೇಲೆ ಕಾಲು ಚಾಚಿದರೆ ಭತ್ತದ ಗದ್ದೆ ನಮ್ಮ ಪಾದದಿಂದಲೇ ಶುರುವಾಗುತ್ತದೆ. ಬೆಳ್ಳಕ್ಕಿಗಳು ಎದ್ದು, ಸ್ವಲ್ಪ ದೂರ ಹೋಗಿ, ಮತ್ತೆ ಕೂಡುತ್ತವೆ. ಅರೆನಿದ್ದೆಯಲ್ಲಿ ಹರಿಯುತ್ತಿರುವುದು ಕಾಲುವೆಯೋ ನಮ್ಮ ಗಾಡಿಯೋ ತಿಳಿಯುವುದಿಲ್ಲ. ಕೇಳಿದವರಿಗೆ, ಇದಕ್ಕಿಂತ ದೂರ ಯಾಕೆ ಹೋಗಬೇಕು ಎಂದು ಹೇಳುತ್ತೇವೆ. ಇದಕ್ಕಿಂತ ದೂರ ಹೋದರೆ ಗಾಡಿ ವಾಪಸು ಬರುವುದಿಲ್ಲ ಎನ್ನುವುದನ್ನು ಹೇಳುವುದಿಲ್ಲ.

ನಾವಿಬ್ಬರು ಎಂದರೆ ನಾನು ಮತ್ತು ನಮ್ಮ ಯಜಮಾನರು. ನಾನು ಹಳ್ಳಿ ದವಾಖಾನೆಗಳಲ್ಲಿ ನರ್ಸ್ ಆಗಿದ್ದವಳು, ಅವರು ಬಸ್ಸಿನ ಡ್ರೈವರ್ ಆಗಿದ್ದವರು. ಅವರು ರಾತ್ರಿ ಪಾಳಿ ಮುಗಿಸಿ ಬರುವ ಹೊತ್ತಿಗೆ ನಾನು ಸೀರೆಯ ಸೆರಗಿಗೆ ಪಿನ್ನು ಚುಚ್ಚುತ್ತಿರುತ್ತಿದ್ದೆ. ನಾನು ಹೆರಿಗೆ ಮುಗಿಸಿ ಬರುವ ಹೊತ್ತಿಗೆ ಅವರು ಬೂಟಿಗೆ ದಾರ ಬಿಗಿಯುತ್ತಿರುತ್ತಿದ್ದರು. ಸಂಸಾರದುದ್ದಕ್ಕೂ ನಾವು ಮಾತಾಡಿದ್ದಕ್ಕಿಂತ ಹೊಸ್ತಿಲಲ್ಲಿ ಕೀಲಿಕೈ ಕೊಟ್ಟು ತೆಗೆದುಕೊಂಡದ್ದೇ ಹೆಚ್ಚು. ಅದಕ್ಕೇ ನೌಕರಿ ಮುಗಿದ ಮೇಲೆ ಈ ಗಾಡಿ. ನಿಧಾನವಾಗಿ ಹೋಗೋಣ, ದಾರಿಯುದ್ದಕ್ಕೂ ಮಾತಾಡೋಣ ಎಂದು ಅವರೇ ಹೇಳಿದ್ದರು. ನನಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಗಾಡಿಯ ಬಣ್ಣ ಯಾವುದು ಎಂದೂ ಕೇಳಲಿಲ್ಲ. ಅದು ಕಡು ಕೇಸರಿ ಬಣ್ಣದ್ದು, ಬಿಡಿ.

ಆದರೆ ಮಾತಾಡುವುದು ಎಲ್ಲಿ? ಗಾಡಿ ಊರು ದಾಟಿ ಸ್ವಲ್ಪ ವೇಗ ಹಿಡಿಯಿತೆಂದರೆ ಬಾಗಿಲುಗಳು ಹಾಡತೊಡಗುತ್ತಿದ್ದವು. ಎಂಜಿನ್ನಿನ ಸದ್ದು ಕಾಲಿನ ಕೆಳಗೆ ಗುರುಗುಟ್ಟುತ್ತದೆ. ಅದರ ಮೇಲೆ ಕೂತು ಮಾತಾಡಬಹುದು. ಗಾಳಿಯದು ಹಾಗಲ್ಲ, ಅದು ಸರಿಯಾಗಿ ಮನುಷ್ಯರ ಮಾತಿನ ಎತ್ತರಕ್ಕೇ ಬಂದು ಕೂಡುತ್ತದೆ. ಜಾರು ಬಾಗಿಲದ್ದು ಉಸಿರೆಳೆಯುವ ಸದ್ದು, ಹಿಂಬಾಗಿಲದ್ದು ಗೊರಕೆ, ನನ್ನ ಪಕ್ಕದ ಬಾಗಿಲದ್ದು ಸಣ್ಣನೆಯ ಉದ್ದ ಶಿಳ್ಳೆ. ಎದುರಿನಿಂದ ಲಾರಿ ಬಂದರೆ ಮೂರೂ ಸೇರಿ ಒಮ್ಮೆ ಕಿರುಚಿ ಮತ್ತೆ ತಮ್ಮ ತಮ್ಮ ರಾಗಕ್ಕೆ ಮರಳುತ್ತಿದ್ದವು.

ಇಷ್ಟಾದರೂ ನಾನು ಮಾತಾಡುತ್ತಿದ್ದೆ. ಅವರು ಹ್ಞೂಂಗುಡುತ್ತಿದ್ದರು. ಒಂದು ಮಳೆಗಾಲದ ಮಧ್ಯಾಹ್ನ ಮಾನ್ವಿಗೆ ಹೊರಟು ಕುರ್ಡಿ ಹತ್ತಿರ ಬರುವಾಗ, ಮೋಡ ಕವಿದು ಎಲ್ಲ ಕನಸಿನ ಹಾಗೆ ಮಸುಕಾಗಿದ್ದಾಗ, ಎಷ್ಟೋ ವರ್ಷಗಳಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಒಂದು ಮಾತು ತಾನಾಗಿ ಹೊರಬಂತು. ನಿಮಗೂ ಹೇಳುತ್ತೇನೆ, ಈಗೇನು ನಾಚಿಕೆ.

ನಾನು ರಾಯಚೂರಿನಲ್ಲಿ ನರ್ಸಿಂಗ್ ಕಲಿಯುವಾಗ ಶನಿವಾರ ಸಂಜೆ ದೇವದುರ್ಗಕ್ಕೆ ಊರಿಗೆ ಹೋಗುತ್ತಿದ್ದೆ. ಮೊದಲು ಒಂದು ಬಸ್ಸು ಇತ್ತು, ಅದರ ಹಿಂದೆ ಇನ್ನೊಂದು. ನಾನು ಮೊದಲನೆಯದನ್ನು ಬಿಟ್ಟುಬಿಡುತ್ತಿದ್ದೆ. ಎರಡನೆಯ ಬಸ್ಸಿನ ಡ್ರೈವರ್ ಹೊರಡುವ ಮುನ್ನ ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡುತ್ತಿದ್ದ. ಗಂಟು ಹೊತ್ತ ಮುದುಕಿಯೋ, ಕೋಳಿ ಹಿಡಿದ ಹೆಂಗಸೋ ಓಡಿ ಬರುತ್ತಿದ್ದರೆ ಹಾರನ್ ಬಡಿದು ಗದರದೆ, ಎಂಜಿನ್ನನ್ನು ಹಗುರಾಗಿ ಆಡಿಸುತ್ತ ಕಾಯುತ್ತಿದ್ದ. ಅಷ್ಟೇ. ಅಷ್ಟಕ್ಕೆ ನಾನು ಒಂದು ಬಸ್ಸು ಬಿಟ್ಟು ಬಿಸಿಲಲ್ಲಿ ನಿಲ್ಲುತ್ತಿದ್ದೆ. ಆಮೇಲೆ ನಮ್ಮ ಮನೆಗೆ ಒಂದು ಸಂಬಂಧ ಬಂತು. ಅವಲಕ್ಕಿ ತಟ್ಟೆ ಹಿಡಿದು ಹೊರಗೆ ಬಂದು ತಲೆಯೆತ್ತಿದರೆ ಅದೇ ಡ್ರೈವರ್, ಇಸ್ತ್ರಿ ಮಾಡಿದ ಅಂಗಿಯಲ್ಲಿ. ತಟ್ಟೆ ವಾಲಿ ಅವಲಕ್ಕಿ ಚಾಪೆಯ ಮೇಲೆ ಚೆಲ್ಲಿತು. ಹುಡುಗಿಗೆ ಅಂಜಿಕೆ ಜಾಸ್ತಿ ಎಂದು ಅವರ ಕಡೆಯವರು ಮೆಚ್ಚಿದರು. ಬಸ್ಸು ಆರಿಸಿಕೊಂಡು ಹತ್ತುತ್ತಿದ್ದ ಹುಡುಗಿ ಎಂದು ಗೊತ್ತಾಗಿದ್ದರೆ ಮೆಚ್ಚುತ್ತಿದ್ದರೋ ಇಲ್ಲವೋ. ನಾನು ಬಾಯಿ ಬಿಡಲಿಲ್ಲ. ನನ್ನನ್ನು ಮೊದಲು ಕಂಡದ್ದು ಆ ಚಾಪೆಯ ಮೇಲಿಂದ ಎಂದೇ ಅವರು ಇಷ್ಟು ವರ್ಷ ತಿಳಿದಿದ್ದರು.

ಇದನ್ನೆಲ್ಲ ಕುರ್ಡಿಯ ಹತ್ತಿರ ಹೇಳಿದೆ. ಹೇಳುವಾಗ ಅವರ ಕಡೆ ನೋಡಲಿಲ್ಲ, ಎದುರಿನ ಗಾಜಿನ ಮೇಲೆ ಬೀಳುತ್ತಿದ್ದ ತುಂತುರನ್ನೇ ನೋಡುತ್ತಿದ್ದೆ. ಹೇಳಿ ಮುಗಿಸಿ ಅವರ ಕಡೆ ತಿರುಗಿದೆ.

“ಹ್ಞೂಂ,” ಎಂದರು ಅವರು. “ಮಾನ್ವ್ಯಾಗ ಡೀಸೆಲ್ ಹಾಕಿಸ್ಬೇಕು.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಿಟ್ಟಿಗಿಂತ ಹೆಚ್ಚಾಗಿ ದುಃಖ. ಮಾನ್ವಿಯಲ್ಲಿ ಮಗಳ ಮನೆಗೆ ಹೋಗಿ ಊಟಕ್ಕೆ ಕೂತವಳು ಅರ್ಧಕ್ಕೇ ಎದ್ದುಬಿಟ್ಟೆ. ಆದರೆ ಎಷ್ಟೋ ರೋಗಿಗಳನ್ನು ನೋಡಿದವಳು ನಾನು, ಒಂದೇ ಲಕ್ಷಣ ನೋಡಿ ರೋಗ ಹೇಳಬಾರದು ಎಂದು ಸಮಾಧಾನ ಮಾಡಿಕೊಂಡೆ. ಬಾಗಿಲಿನ ಗಾಳಿಗೆ ಅವರಿಗೆ ಕೇಳಿಸಿಲ್ಲ. ಮೊದಲು ಆ ಗಾಳಿಯನ್ನು ನಿಲ್ಲಿಸಬೇಕು, ಆಮೇಲೆ ಇನ್ನೊಮ್ಮೆ ಹೇಳಬೇಕು. ಆಗಲೂ ‘ಹ್ಞೂಂ’ ಎಂದರೆ, ಈ ಗಾಡಿಯೂ ಬೇಡ, ದಾರಿಯ ಮಾತೂ ಬೇಡ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡೆ.

ಗಾಳಿ ನನಗೆ ಹೊಸದಲ್ಲ. ದೇವದುರ್ಗದ ಆಚೆ ಕಲ್ಲುಭೂಮಿಯಲ್ಲಿ ಕುರಿ ಕಾಯುವ ಮನೆತನ ನಮ್ಮದು. ಅಪ್ಪ ಕುರಿಗಳನ್ನು ಹೊಲದಲ್ಲಿ ತರುಬಿ ನಿಲ್ಲಿಸಿದ ದಿನ ಅವ್ವ ರೊಟ್ಟಿ ಕಟ್ಟಿಕೊಂಡು ಹೊರಟರೆ ನಾನೂ ಹಿಂದೆ ಬೀಳುತ್ತಿದ್ದೆ. ಅಪ್ಪ ಮೂಗೆತ್ತಿ ಗಾಳಿ ಬರುವ ದಿಕ್ಕು ನೋಡಿ, ಆ ಕಡೆ ಎರಡು ಕೋಲು ನೆಟ್ಟು ಕಂಬಳಿ ಕಟ್ಟುತ್ತಿದ್ದ. ಕಂಬಳಿಯ ಈಚೆ ಕೂತರೆ ಎಂಥ ನಿಶ್ಶಬ್ದ! ಆಚೆ ಇಡೀ ಬಯಲು ಬೊಬ್ಬೆ ಹೊಡೆಯುತ್ತಿದ್ದರೆ ಈಚೆ ಅವ್ವ ಪಿಸುಮಾತಿನಲ್ಲಿ ಅಪ್ಪನಿಗೆ ಏನೋ ಹೇಳುತ್ತಿದ್ದಳು. ಅಪ್ಪ ನಗುತ್ತಿದ್ದ. ನನಗೆ ಕೇಳಿಸುತ್ತಿರಲಿಲ್ಲ, ನಿದ್ದೆ ಎಳೆಯುತ್ತಿತ್ತು. ಹುಣಸೆಬೀಜದ ಗಂಜಿ ಹಾಕಿದ ಹೊಸ ಕಂಬಳಿಯ ಆ ಹುಳಿ ವಾಸನೆ ಈಗಲೂ ಬಂದರೆ ನನ್ನ ಕಣ್ಣು ತಾನಾಗಿ ಮುಚ್ಚುತ್ತದೆ.

ಇನ್ನೊಂದು ಚಟವಿತ್ತು. ಶಾಲೆಗೆ ಹೋಗುವ ದಾರಿಯ ತಂತಿ ಕಂಬಗಳಿಗೆ ಕಿವಿ ಹಚ್ಚಿ ನಿಲ್ಲುವುದು. ಗಾಳಿ ಬೀಸಿದರೆ ಕಂಬದೊಳಗೆ ಗುಂಯ್ ಎಂದು ಸದ್ದು. ರಾಯಚೂರಿನವರು ಮಾತಾಡುವುದು ಎಂದು ನನ್ನ ಗೆಳತಿ ಹೇಳುತ್ತಿದ್ದಳು, ನಾನು ನಂಬುತ್ತಿದ್ದೆ. ರಾಯಚೂರಿಗೆ ಬಂದ ಮೇಲೆ ಇಲ್ಲಿನವರು ಅಷ್ಟು ಇಂಪಾಗಿ ಮಾತಾಡುವುದಿಲ್ಲ ಎಂದು ಗೊತ್ತಾಯಿತು. ಎಲ್ಲಿಂದ ಎಲ್ಲಿಗೋ ಹೋದೆ, ಬಾಗಿಲಿಗೆ ಬರುತ್ತೇನೆ.

ರಾಯಚೂರಿನ ತೀನ್ ಕಂದೀಲ್ ವೃತ್ತದ ಹಿಂದಿನ ಗಲ್ಲಿಯಲ್ಲಿ ಮಸ್ತಾನ್ ಎಂಬವನ ಅಂಗಡಿ. ಗಾಡಿಗಳಿಗೆ ಸೀಟು, ರಬ್ಬರು ಹಾಕುತ್ತಾನೆ. ಅವನು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಪುರಾನೀ ಗಾಡಿ ಹೈ ಆಪಾ, ಬಾತಾಂ ಕರತೀಚ್ ರಹತೀ,” ಎಂದ. ಹಳೇ ಗಾಡಿ ಅಕ್ಕಾ, ಮಾತಾಡುತ್ತಲೇ ಇರುತ್ತದೆ ಎಂದು ಅರ್ಥ. “ಅದು ಸುಮ್ನ ಕುಂತರ ನಾವು ಮಾತಾಡ್ತೀವಪ್ಪ,” ಎಂದೆ. ಅವನು ನಕ್ಕು, ಎಲ್ಲಕ್ಕಿಂತ ದಪ್ಪನೆಯ ರಬ್ಬರ್ ತಂದು ಎಲ್ಲ ಬಾಗಿಲಿಗೂ ಹಚ್ಚಿಬಿಟ್ಟ. ದಪ್ಪ ಇದ್ದಷ್ಟೂ ಗಾಳಿ ಕಡಿಮೆ ಎಂದು ನನಗೂ ಅನ್ನಿಸಿತ್ತು. ಬಾಗಿಲೇ ಹಾಕಿಕೊಳ್ಳಲಿಲ್ಲ. ನಮ್ಮವರು ಬಸ್ಸಿನ ಬಾಗಿಲು ಬಡಿದ ಅಭ್ಯಾಸದಲ್ಲಿ ಹಿಂದೆ ಸರಿದು ಬಂದು ಒಮ್ಮೆ ಧಡಾರ್ ಎಂದು ಬಡಿದರು. ಬಾಗಿಲು ಮುಚ್ಚಿತು, ಆದರೆ ಅದರ ಗಾಜು ಕುಸಿದು ಒಳಗಿನ ತಗಡಿನ ಹೊಟ್ಟೆ ಸೇರಿತು. ಗಾಜು ಎತ್ತಿಸಿ, ದಪ್ಪ ರಬ್ಬರ್ ಕೀಳಿಸಿ, ಹಳೆಯದನ್ನೇ ಹಾಕಿಸಿಕೊಂಡು ಆ ದಿನ ಅಷ್ಟಕ್ಕೇ ಮನೆಗೆ ಬಂದೆವು.

ಆಮೇಲೆ ನಾನೇ ಚಿಕಿತ್ಸೆಗೆ ಇಳಿದೆ. ಗಾಯ ಎಲ್ಲಿದೆ ಎಂದು ಗೊತ್ತಿಲ್ಲದೆ ಔಷಧ ಹಚ್ಚಬಾರದಲ್ಲವೇ? ನನ್ನ ಹಳೆಯ ಚೀಲದಿಂದ ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿ ತೆಗೆದು, ಮುಂದಿನ ಎರಡು ಬಾಗಿಲು, ಜಾರು ಬಾಗಿಲು ಎಲ್ಲದರ ಸಂದಿಗೂ ಹೊರಗಿನಿಂದ ಅಂಟಿಸಿದೆ. ಅಂಟಿಸಿ ಮುಗಿದ ಮೇಲೆ ನಾವು ಒಳಗೆ ಹೋಗುವುದು ಹೇಗೆ ಎಂದು ಹೊಳೆಯಿತು. ಹಿಂಬಾಗಿಲಿನಿಂದ ಹತ್ತಿ, ಅದಕ್ಕೆ ಒಳಗಿನಿಂದ ಪಟ್ಟಿ ಹಾಕಿ, ಇಬ್ಬರೂ ಮಂಚದ ಮೇಲೆ ಅಂಬೆಗಾಲಿಟ್ಟು ಮುಂದಿನ ಸೀಟಿಗೆ ಬಂದೆವು. ಕಲ್ಮಲಾದಲ್ಲಿ ನಿಲ್ಲಿಸಿದಾಗ ಹಳೆಯ ಪರಿಚಯದ ಹೆಂಗಸೊಬ್ಬಳು ಕಿಟಕಿಗೆ ಬಂದು, “ಗಾಡಿಗಿ ಪೆಟ್ಟಾಗ್ಯದೇನ್ರೀ ನರ್ಸಮ್ಮಾ?” ಎಂದು ಮರುಗಿದಳು.

ಪಟ್ಟಿ ಹಚ್ಚಿದಾಗ ಗಾಳಿ ಸದ್ದಿಲ್ಲ. ಒಂದೊಂದೇ ಬಾಗಿಲಿನ ಪಟ್ಟಿ ಕೀಳುತ್ತ, ಸ್ವಲ್ಪ ದೂರ ಓಡಿಸಿ ನೋಡುತ್ತ ಹೋದೆವು. ದೊಡ್ಡ ಅಪರಾಧಿ ನನ್ನ ಪಕ್ಕದ ಬಾಗಿಲೇ. ಅದರ ಸುತ್ತಿನ ರಬ್ಬರಿಗೆ ದೇವರ ಮುಂದಿನ ವಿಭೂತಿ ತೇದು ಬಳಿದು, ಬಾಗಿಲು ಮುಚ್ಚಿ ತೆಗೆದೆ. ರಬ್ಬರು ತಾಗಿದಲ್ಲೆಲ್ಲ ಚೌಕಟ್ಟಿನ ಮೇಲೆ ಬಿಳಿ ಗೆರೆ ಮೂಡಿತ್ತು. ಮೇಲಿನ ಮೂಲೆಯಲ್ಲಿ ಮಾತ್ರ ಅಂಗೈಯಗಲ ಬೋಳು. ಬಾಗಿಲಿನ ಕೀಲು ಸವೆದು ಇಡೀ ಬಾಗಿಲು ಜೋತುಬಿದ್ದಿತ್ತು. ಮತ್ತೆ ಮಸ್ತಾನನ ಅಂಗಡಿಗೆ ಹೋದೆವು; ನಮ್ಮವರು ಅದನ್ನು ಮಂಡಿಯ ಮೇಲೆತ್ತಿ ಹಿಡಿದರು, ಅವನು ಕೀಲು ಬಿಗಿದ. ಎಲ್ಲ ಕಡೆ ತೆಳು ರಬ್ಬರ್, ಆ ಮೂಲೆಗೆ ಮಾತ್ರ ಎರಡು ಪದರ. “ಹಣಿಗಿ ಹಚ್ಚೋ ವಿಭೂತಿ ಬಾಗಲಕ್ಕ ಹಚ್ಚೀದಿ,” ಎಂದು ನಮ್ಮವರು ನಗಾಡಿದರು. ಬೆರಳಲ್ಲಿ ಉಳಿದದ್ದನ್ನು ಅವರ ಹಣೆಗೂ ಎಳೆದೆ.

ಇಷ್ಟಾದರೂ ಬಾಗಿಲಿನ ತಗಡು ಒಳಗೆ ಟೊಳ್ಳಾಗಿ ಬಡಿದುಕೊಳ್ಳುತ್ತಿತ್ತು. ಅದರೊಳಗೆ ಏನಾದರೂ ಮೆತ್ತನೆಯದು ಹಚ್ಚಬೇಕಿತ್ತು. ಪೆಟ್ಟಿಗೆಯ ತಳದಲ್ಲಿ ಅಪ್ಪನ ಕಂಬಳಿ ಇತ್ತು, ನುಸಿ ಹಿಡಿದು ಅರ್ಧ ಜಾಳಾಗಿತ್ತು. ಕತ್ತರಿ ಹಿಡಿದು ತುಂಬಾ ಹೊತ್ತು ಕೂತಿದ್ದೆ. ಅಪ್ಪ ಇದ್ದಿದ್ದರೆ, ಗಾಳಿಗೆ ಅಡ್ಡ ಕಟ್ಟಲಿಕ್ಕೇ ಅಲ್ಲವೇನವ್ವಾ ಕಂಬಳಿ ಇರೋದು ಎನ್ನುತ್ತಿದ್ದ ಎಂದುಕೊಂಡು ಕತ್ತರಿಸಿದೆ. ಕತ್ತರಿಸುತ್ತ ಅತ್ತೂಬಿಟ್ಟೆ. ಆ ತುಂಡುಗಳು ಈಗ ಬಾಗಿಲುಗಳ ಒಳಮೈಯಲ್ಲಿ ಅಂಟಿಕೊಂಡಿವೆ.

ಎಲ್ಲ ಮುಗಿದ ಮೇಲೆ ದೇವದುರ್ಗದ ದಾರಿ ಹಿಡಿದೆವು. ಬೇರೆ ಕಡೆಯೂ ಹೋಗಬಹುದಿತ್ತು, ಆದರೆ ಆ ಮಾತು ಆ ದಾರಿಯದ್ದು. ಊರು ದಾಟಿತು, ವೇಗ ಹೆಚ್ಚಿತು. ಗಾಳಿ ಹೊರಗೇ ಉಳಿಯಿತು. ಒಳಗೆ ಸ್ಟೀಲ್ ಲೋಟದಲ್ಲಿ ಚಮಚ ಅಲುಗುವುದು ಕೇಳುತ್ತಿತ್ತು. ಕಿಟಕಿಯಾಚೆ ಹತ್ತಿ ಹೊಲಗಳು ಸದ್ದಿಲ್ಲದೆ ಹಿಂದೆ ಸರಿಯುತ್ತಿದ್ದವು, ಒಬ್ಬ ಹೆಂಗಸು ಸದ್ದಿಲ್ಲದೆ ಎಮ್ಮೆಗೆ ಬಯ್ಯುತ್ತಿದ್ದಳು. ನಾನು ಮತ್ತೆ ಮೊದಲಿನಿಂದ ಎಲ್ಲ ಹೇಳಿದೆ. ಶನಿವಾರ, ಬಿಟ್ಟುಬಿಟ್ಟ ಬಸ್ಸು, ಕನ್ನಡಿ, ಕೋಳಿ ಹಿಡಿದ ಹೆಂಗಸು, ಅವಲಕ್ಕಿ.

“ಹ್ಞೂಂ,” ಎಂದರು. ಆಮೇಲೆ ಬಹಳ ಖುಷಿಯಿಂದ, ಬಯಲಿಗೆಲ್ಲ ಕೇಳುವ ಹಾಗೆ, “ರಬ್ಬರ್ ಭಾರೀ ಚೊಲೋ ಕುಂತದ ನೋಡು!” ಎಂದರು.

ಗಾಡಿ ಹಿಂದಕ್ಕೆ ತಿರುಗಿಸಿ ಎನ್ನಲು ಬಾಯಿ ತೆರೆದೆ. ಆಗ ಗಮನಕ್ಕೆ ಬಂತು, ಆ ನಿಶ್ಶಬ್ದದಲ್ಲಿ ಅವರು ಕೂಗಿ ಮಾತಾಡಿದ್ದು. ನರ್ಸ್ ಬುದ್ಧಿ ಎಚ್ಚರಾಯಿತು. ಮೆಲ್ಲಗೆ ಕೈ ಚಾಚಿ ಅವರ ಎಡಗಿವಿಯ ಹತ್ತಿರ ಎರಡು ಬೆರಳು ತಿಕ್ಕಿದೆ. ಅವರು ದಾರಿ ನೋಡುತ್ತಲೇ ಇದ್ದರು. ಇನ್ನೂ ಜೋರಾಗಿ ತಿಕ್ಕಿದೆ. ಏನೂ ಇಲ್ಲ. ಗಬ್ಬೂರಿನಲ್ಲಿ ಚಹಾಕ್ಕೆ ಇಳಿದಾಗ ಸುತ್ತಿ ಹೋಗಿ ಬಲಗಡೆ ನಿಂತು ಹಾಗೇ ತಿಕ್ಕಿದೆ. “ಏನದು, ನೊಣ?” ಎಂದು ತಟ್ಟನೆ ತಿರುಗಿದರು.

ಕೈಯಲ್ಲಿ ಚಹಾ ಹಿಡಿದು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಅವರು ಓಡಿಸಿದ ಆ ಹಳೆಯ ಬಸ್ಸುಗಳ ಎಂಜಿನ್ನು ಎಲ್ಲಿರುತ್ತಿತ್ತು? ಡ್ರೈವರನ ಎಡಕ್ಕೆ, ಒಂದು ತಗಡಿನ ಮುಚ್ಚಳದ ಕೆಳಗೆ. ನೌಕರಿಯುದ್ದಕ್ಕೂ ಅದು ಒಂದೇ ಕಿವಿಯಲ್ಲಿ ಗರ್ಜಿಸಿದೆ. ಮನೆಯಲ್ಲಿ ಅವರ ಕುರ್ಚಿ ಎಡಗೋಡೆಗೆ ಒತ್ತಿಕೊಂಡೇ ಯಾಕಿದೆ, ಬಲ ಮಗ್ಗುಲಿಗೆ ಮಲಗಿದರೆ ಅಲಾರಂ ಯಾಕೆ ಕೇಳುವುದಿಲ್ಲ, ಎಲ್ಲ ಒಂದೊಂದಾಗಿ ಹೊಂದಿಕೊಂಡವು. ಹಳ್ಳಿ ಹಳ್ಳಿಯ ಮಕ್ಕಳ ಕಿವಿಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದ ನಾನು ಮನೆಯ ಕಿವಿಯೊಂದನ್ನು ನೋಡಿರಲಿಲ್ಲ. ಗಂಡಸರು ಹೆಂಡತಿಯ ಮಾತು ಕೇಳುವುದು ಇಷ್ಟೇ ಎಂದುಕೊಂಡಿದ್ದೆ. ಅವರಿಗೂ ಪೂರ್ತಿ ಗೊತ್ತಿರಲಿಲ್ಲವೇನೋ. ಗೊತ್ತಿದ್ದರೂ ಡ್ರೈವರ್ ಆದವನು ಕಿವಿ ಕೇಳುವುದಿಲ್ಲ ಎಂದು ಯಾರಿಗೆ ಹೇಳುತ್ತಾನೆ? ಗಾಡಿಯಲ್ಲಿ ನಾನು ಹೇಳಿದ್ದಕ್ಕೆಲ್ಲ ಆ ‘ಹ್ಞೂಂ’ ಯಾಕೆ ಬರುತ್ತಿತ್ತು ಎಂದು ಈಗ ತಿಳಿಯಿತು. ನನಗೆ ಬೇಜಾರಾಗದಿರಲಿ ಎಂದು, ಕೇಳದಿದ್ದರೂ, ನನ್ನ ತುಟಿ ನಿಂತಾಗಲೆಲ್ಲ ಒಂದೊಂದು ಹ್ಞೂಂ. ನನಗೆ ಅಳು ಬಂತು. ಅವರ ಮೇಲೆ ಅಷ್ಟು ಪ್ರೀತಿ ನನಗೆ ಆ ಬಸ್ ನಿಲ್ದಾಣದ ಬಿಸಿಲಿನಲ್ಲೂ ಬಂದಿರಲಿಲ್ಲ.

ಕಿವಿಯ ಡಾಕ್ಟರ ಹತ್ತಿರ ಕರೆದೊಯ್ಯಬೇಕು, ಅದಕ್ಕೆ ಜಗಳವಾಗುತ್ತದೆ, ಆಗಲಿ. ಅದು ನಾಳೆಯ ಮಾತು. ನಾನು ಎದ್ದು ಕೈ ಚಾಚಿದೆ.

“ಕೀಲಿ ಕೊಡ್ರಿ. ಇಲ್ಲಿಂದ ನಾ ಹೊಡಿತೀನಿ.”

“ಯಾಕ? ನನಗೇನಾಗ್ಯದ?” ಎಂದರು. ಮುಖ ಸಣ್ಣದಾಯಿತು. ಬೇರೊಬ್ಬರ ಕೈಗೆ ಸ್ಟೇರಿಂಗ್ ಕೊಟ್ಟವರಲ್ಲ ಅವರು. ನನಗೆ ಕಲಿಸಿದ್ದೂ ಅವರೇ, ಲೈಸೆನ್ಸ್ ಬಂದ ದಿನ ಓಣಿಗೆಲ್ಲ ಪೇಢೆ ಹಂಚಿದ್ದೂ ಅವರೇ, ಆದರೆ ಅಂದಿನಿಂದ ಕೀಲಿ ಅವರ ಜೇಬು ಬಿಟ್ಟಿರಲಿಲ್ಲ.

“ನಿಮಗೇನಾಗಿಲ್ಲರೀ. ಲೈಸೆನ್ಸ್ ಹಂಗೇ ಇಟ್ರ ಹಳಸ್ತದ. ನಮ್ಮೂರಿಗಿ ಒಂದ್ಸಲನರ ನಾ ಗಾಡಿ ಹೊಡಕೊಂಡು ಹೋಗಬೇಕು.”

ತವರೂರಿನ ಮಾತಿಗೆ ಅವರು ಸೋತರು. ಸೀಟಿನ ಮೇಲಿನ ಧೂಳನ್ನು ಕೈವಸ್ತ್ರದಿಂದ ಒರೆಸಿ, ಕೀಲಿ ಕೊಟ್ಟು, ಸುತ್ತಿ ಬಂದು ಎಡಗಡೆ ಕೂತರು. ಹೊಸ ರಬ್ಬರಿನ ಬಾಗಿಲು ಮೆತ್ತಗೆ ಮುಚ್ಚಿತು. ಕಾಲು ಎಲ್ಲಿಡಬೇಕು ತಿಳಿಯದೆ ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು. “ಎಮ್ಮಿ ನೋಡು. ಮೂರನೇ ಗೇರ್ ಹಾಕು. ಸೈಕಲ್ ಬರಾಕತ್ತದ.” ಊರು ದಾಟುವವರೆಗೂ ಹೀಗೇ. ಆಮೇಲೆ ದಾರಿ ಖಾಲಿಯಾಯಿತು, ಇಳಿಬಿಸಿಲು ಕರಿ ಹೊಲಗಳ ಮೇಲೆ ಹರಡಿತು, ಅವರ ಕಾಲೂ ಸುಮ್ಮನಾಯಿತು. ಅವರ ಬಲಗಿವಿ ನನ್ನ ಕಡೆಗಿತ್ತು.

ನಾನು ದನಿ ಏರಿಸಲಿಲ್ಲ. ಗಿಡದ ಕೆಳಗೆ ಕೂತು ಹೇಳುವಷ್ಟೇ ಮೆಲ್ಲಗೆ, “ಶನಿವಾರ ಸಂಜಿಗಿ ನೀವು ಇದ ದಾರ್‍ಯಾಗ ಬಸ್ ಹೊಡೀತಿದ್ರಲ್ಲ,” ಎಂದು ಶುರು ಮಾಡಿದೆ. ಅವರು ಹ್ಞೂಂ ಎನ್ನಲಿಲ್ಲ. ತಲೆ ತಿರುಗಿಸಿ ನನ್ನನ್ನೇ ನೋಡತೊಡಗಿದರು. ಕೋಳಿ ಹಿಡಿದ ಹೆಂಗಸಿನ ಮಾತು ಬಂದಾಗ ನಕ್ಕರು. ಮೊದಲಿನ ಬಸ್ಸು ಬಿಟ್ಟು ನಿಲ್ಲುತ್ತಿದ್ದೆ ಎಂದಾಗ ನಗು ನಿಂತಿತು. ಅವಲಕ್ಕಿ ಚೆಲ್ಲಿದ್ದು ಯಾಕೆಂದು ಹೇಳುವಾಗ ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು. ಅವರಿಗೆ ಕೇಳಿಸಿತು. ಕೈವಸ್ತ್ರದಿಂದ ಹಣೆ ಒರೆಸಿಕೊಂಡರು, ಕಣ್ಣೂ ಒರೆಸಿಕೊಂಡರು.

“ಇಷ್ಟು ವರ್ಷ ಬಾಜೂಕ ಕುಂತು,” ಎಂದರು, “ಒಂದ ಸಲನರ ಹೇಳಾಕ ಏನಾಗಿತ್ತ ನಿನಗ?”

ಕುರ್ಡಿಯ ಮಾತು ನಾಲಿಗೆಯ ತುದಿಗೆ ಬಂತು. ಗೇರ್ ಬದಲಿಸಿದೆ.

“ಬಾಗಲದಾಗ ಗಾಳಿ ಭಾಳ ಬರ್ತಿತ್ತಲ್ರೀ,” ಎಂದೆ.